ಹತ್ತಕ್ಕೆ ಎಷ್ಟು ಸರ್?

ಅರ್ಧಾಂಕದ ಮೇಷ್ಟ್ರ ಕತ್ತು ಎಡಕ್ಕೆ ತಿರುಗುವುದಿಲ್ಲ ಎಂಬ ಸಂಗತಿ ಮೊಟ್ಟಮೊದಲು ಗೊತ್ತಾದದ್ದು ಅವರ ಹೆಂಡತಿಗಲ್ಲ, ಯಾವ ಡಾಕ್ಟರಿಗೂ ಅಲ್ಲ, ಒಂಬತ್ತನೇ ತರಗತಿಯ ಎಡಗಡೆ ಬೆಂಚಿನ ಹುಡುಗರಿಗೆ. ಆ ವರ್ಷ ಆ ಮೂರು ಬೆಂಚುಗಳು ಗಣಿತದಲ್ಲಿ ಏಕಾಏಕಿ ಮುಂದೆ ಬಂದವು. ಬಲಗಡೆಯವರು ಎಂದಿನಂತೆ ಮೂವತ್ತರ ಆಸುಪಾಸಿನಲ್ಲೇ ಒದ್ದಾಡುತ್ತಿದ್ದರೆ ಎಡಗಡೆಯವರು ಎಪ್ಪತ್ತು ದಾಟಿದರು. ಸಿಗದೆ ಹೋದ ಅಂಕಗಳನ್ನೂ ಎಲ್ಲರೂ ಒಂದೇ ಲೆಕ್ಕದಲ್ಲಿ, ಒಂದೇ ಸಾಲಿನಲ್ಲಿ, ಒಂದೇ ತಪ್ಪಿನಿಂದ ಕಳೆದುಕೊಂಡಿದ್ದರು. ಮುಖ್ಯೋಪಾಧ್ಯಾಯಿನಿಗೆ ಅನುಮಾನ ಬಂದು ಒಂದು ದಿನ ಕಿಟಕಿಯ ಹೊರಗೆ ನಿಂತು ನೋಡಿದರು. ಮೇಷ್ಟ್ರು ಎಡಕ್ಕೆ ನೋಡಬೇಕಾದರೆ ಬೀರು ತಿರುಗಿಸಿದ ಹಾಗೆ ಇಡೀ ಮೈಯನ್ನು ತಿರುಗಿಸುತ್ತಿದ್ದರು. ಅಷ್ಟು ಹೊತ್ತಿಗೆ ಎಡಗಡೆ ಬೆಂಚು ಕೆಲಸ ಮುಗಿಸಿ, ಪುಸ್ತಕ ಒಳಗಿಟ್ಟು, ಏನೂ ಅರಿಯದ ಮುಖ ಮಾಡಿಕೊಂಡು ಕೂತಿರುತ್ತಿತ್ತು.

"ನಿಮ್ಮ ಕತ್ತು ಇನ್ನು ನಿಮ್ಮ ಸ್ವಂತ ವಿಷಯ ಅಲ್ಲ ಮೇಷ್ಟ್ರೇ, ಶಾಲೆಯ ವಿಷಯ," ಎಂದರು ಮುಖ್ಯೋಪಾಧ್ಯಾಯಿನಿ. "ಫಿಸಿಯೋಥೆರಪಿಗೆ ಹೋಗಿ. ವಾರಕ್ಕೆರಡು ದಿನ ಕೊನೇ ಪೀರಿಯಡ್ಡು ಬಿಟ್ಟುಕೊಡ್ತೀನಿ."

ಕತ್ತು ಹಾಗಾದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಮೂವತ್ತೊಂದು ವರ್ಷ ಕೆಂಪು ಪೆನ್ನು ಹಿಡಿದು, ತಲೆ ಬಗ್ಗಿಸಿ, ಉತ್ತರಪತ್ರಿಕೆಗಳ ಮೇಲೆ ಕವಿದುಕೊಂಡು ಕೂತ ಕತ್ತು ಅದು. ಬೇರೆ ಮೇಷ್ಟ್ರುಗಳು ಒಂದು ಪತ್ರಿಕೆ ತಿದ್ದಲು ಐದು ನಿಮಿಷ ತೆಗೆದುಕೊಂಡರೆ ಇವರು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತಿದ್ದರು. ಉತ್ತರ ಸರಿಯಿದ್ದರೆ ಅಕ್ಷರ ಸೊಟ್ಟ, ಅಕ್ಷರ ನೆಟ್ಟಗಿದ್ದರೆ ಸ್ಕೇಲಿಟ್ಟು ಗೆರೆ ಎಳೆದಿಲ್ಲ. ಎಲ್ಲಾದರೂ ಒಂದು ಕಡೆ ಅರ್ಧ ಅಂಕ ಕಿತ್ತುಕೊಳ್ಳದೆ ಅವರು ಯಾವ ಪತ್ರಿಕೆಯನ್ನೂ ಕೆಳಗಿಟ್ಟವರಲ್ಲ. ಅರ್ಧಾಂಕ ಎಂಬ ಹೆಸರು ಹೀಗೆ ಬಂತು. ಅಂಕ ಕೊಡುವುದರಲ್ಲಿ ಮಾತ್ರವಲ್ಲ, ಮಾತಿನಲ್ಲೂ ಅವರದು ಬಿಗಿ ಮುಷ್ಟಿ. ಮಕ್ಕಳನ್ನು ಬಾಯಲ್ಲಿ ಹೊಗಳಿದರೆ ಕೆಟ್ಟುಹೋಗುತ್ತಾರೆ, ಹೇಳುವುದೇನಿದ್ದರೂ ಅಂಕವೇ ಹೇಳಬೇಕು ಎಂಬುದು ಅವರ ಸಿದ್ಧಾಂತ. ಮನೆಯಲ್ಲೂ ಅದೇ. ಹೆಂಡತಿ "ಅಡುಗೆ ಹೇಗಿದೆ?" ಎಂದು ಕೇಳಿದರೆ ಎಡಗೈಯ ಬೆರಳು ಎತ್ತಿ ತೋರಿಸುತ್ತಿದ್ದರು. ಒಂದು ಕೈಯ ಬೆರಳು ಸಾಲದೆ ಹೋದ ದಿನ ಆ ಮನೆಯಲ್ಲಿ ಬಂದೇ ಇರಲಿಲ್ಲ.

ಇಂಥ ಮೇಷ್ಟ್ರು ಒಂದು ಮಂಗಳವಾರ ಸಂಜೆ ಫಿಸಿಯೋಥೆರಪಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದರು. ಪರದೆ ಎಳೆದ ಮೂರು ಮಂಚ, ಗೋಡೆಗೆ ನೇತುಹಾಕಿದ ಬಣ್ಣಬಣ್ಣದ ರಬ್ಬರ್ ಪಟ್ಟಿ, ಎಲ್ಲೆಲ್ಲೂ ಮುಲಾಮಿನ ವಾಸನೆ. ಅವರನ್ನು ನೋಡಿಕೊಳ್ಳಲು ಬಂದವಳು ತರಬೇತಿಯಲ್ಲಿದ್ದ ಒಬ್ಬ ಹುಡುಗಿ. ದೊಡ್ಡ ಕನ್ನಡಕ, ಜೇಬಿನಲ್ಲಿ ನಾಲ್ಕು ಪೆನ್ನು, ಮುಖದ ತುಂಬ ಭಯ. ಮೇಷ್ಟ್ರಿಗೆ ಆ ಭಯ ಪರಿಚಿತವಾದದ್ದು, ಹಾಗಾಗಿ ಮನೆಗೆ ಬಂದಷ್ಟೇ ನೆಮ್ಮದಿಯಾಯಿತು. ಅವಳು ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಅವರ ತಲೆಯ ಮೇಲಿಟ್ಟಾಗಂತೂ ಅವರ ಗೌರವ ಇಮ್ಮಡಿಸಿತು.

"ಸೊನ್ನೆಯ ಗೆರೆ ಸರಿಯಾಗಿ ಇಟ್ಟಿದೀಯೇನಮ್ಮ?"

"ಇಟ್ಟಿದೀನಿ ಸರ್. ಎಡಕ್ಕೆ ಇಪ್ಪತ್ತೆರಡು ಡಿಗ್ರಿ ಮಾತ್ರ ತಿರುಗ್ತಿದೆ."

ಬಿಸಿ ಚೀಲ ಇಟ್ಟಳು, ಹೆಗಲು ಒತ್ತಿದಳು, ಗದ್ದವನ್ನು ಹಿಂದಕ್ಕೆ ಎಳೆದುಕೊಂಡು ಐದು ಎಣಿಸುವುದನ್ನು ಹೇಳಿಕೊಟ್ಟಳು. ಕೊನೆಗೆ ಒಂದು ಹಾಳೆ ಹಿಡಿದು ನಿಂತು, ಗೋಡೆಯ ಕಡೆ ಕೈ ತೋರಿಸಿ, "ಆ ಬೋರ್ಡ್ ನೋಡಿ ಹೇಳಿ ಸರ್. ಹತ್ತಕ್ಕೆ ಎಷ್ಟು?" ಎಂದಳು.

ಬೋರ್ಡಿನ ಮೇಲೆ "ನಿಮ್ಮ ನೋವು ಎಷ್ಟಿದೆ?" ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ಸಾಲಾಗಿ ದುಂಡು ಮುಖಗಳು. ಸೊನ್ನೆಯ ಮುಖ ಹಲ್ಲುಕಿರಿದು ನಗುತ್ತಿತ್ತು, ಐದರ ಮುಖ ಸಪ್ಪಗಿತ್ತು, ಹತ್ತರ ಮುಖ ಗೋಳೋ ಎಂದು ಅಳುತ್ತಿತ್ತು. ಎಳೆ ಮಗುವಿಗೂ ಅರ್ಥವಾಗುವ ಬೋರ್ಡು. ಆದರೆ ಅದನ್ನು ತೂಗುಹಾಕಿದ ಪುಣ್ಯಾತ್ಮರು ಮಂಚದ ಎಡಗಡೆ ಗೋಡೆಗೆ, ಸ್ವಲ್ಪ ಹಿಂದಕ್ಕೆ ತೂಗುಹಾಕಿದ್ದರು. ಕತ್ತುನೋವಿನ ಬೋರ್ಡನ್ನು ಕತ್ತುನೋವಿಲ್ಲದವರು ಮಾತ್ರ ಓದಬಹುದಾಗಿತ್ತು.

ಮೇಷ್ಟ್ರು ತಿರುಗಲು ನೋಡಿದರು. ಬೋರ್ಡಿನ ಚೌಕಟ್ಟಿನ ಒಂದು ಮೂಲೆ ಕಂಡಿತು, ಅಷ್ಟೇ. ಏನು ಬರೆದಿದೆ ಎಂದು ಕೇಳಬಹುದಿತ್ತು. ಆದರೆ ಮೂವತ್ತೊಂದು ವರ್ಷ ಅಂಕ ಹಾಕಿದ ಮನುಷ್ಯ, ತರಬೇತಿಯ ಹುಡುಗಿಯ ಹತ್ತಿರ ಹತ್ತಕ್ಕೆ ಎಷ್ಟು ಅಂದರೆ ಏನಮ್ಮ ಎಂದು ಕೇಳುವುದುಂಟೆ? ಇವಳು ತರಬೇತಿಯವಳು, ಕೈಯಲ್ಲಿ ಹಾಳೆಯಿದೆ, ಕೆಲಸ ಮುಗಿದ ಮೇಲೆ ಅಂಕ ಕೇಳುತ್ತಿದ್ದಾಳೆ. ಇದರಲ್ಲಿ ತಿಳಿಯದೆ ಇರುವುದೇನಿದೆ ಎಂದು ಅವರು ತೀರ್ಮಾನಿಸಿದರು. ಕೈ ಹದವಾಗಿತ್ತು, ಮಾತು ಸ್ಪಷ್ಟವಾಗಿತ್ತು, ಆದರೆ ದಿಂಬು ಸೊಟ್ಟಗಿತ್ತು. ಮೊದಲ ದಿನವೇ ಸಲಿಗೆ ಕೊಡಬಾರದು.

"ನಾಲ್ಕು," ಎಂದರು.

"ಪರವಾಗಿಲ್ಲ ಸರ್," ಎಂದು ಹುಡುಗಿ ನಗುನಗುತ್ತಾ ಬರೆದುಕೊಂಡಳು.

ನಾಲ್ಕು ತೆಗೆದುಕೊಂಡು ನಗುವ ವಿದ್ಯಾರ್ಥಿಯನ್ನು ಮೇಷ್ಟ್ರು ಈ ಜನ್ಮದಲ್ಲಿ ನೋಡಿರಲಿಲ್ಲ. ಮೆಟ್ಟಿಲು ಇಳಿಯುವಾಗ ಅವರಿಗೆ ಆ ಹುಡುಗಿಯ ಮೇಲೆ ಏನೋ ಒಂದು ಮಮತೆ ಹುಟ್ಟಿಬಿಟ್ಟಿತ್ತು.

ಅವರು ಹೋಂವರ್ಕ್ ತಪ್ಪಿಸುವ ಪೈಕಿಯಲ್ಲ. ಟವೆಲ್ ಸುತ್ತಿ ಕತ್ತಿನ ಕೆಳಗಿಟ್ಟು ಮಲಗಿದರು, ಬಾಗಿಲ ಹಿಡಿಗೆ ರಬ್ಬರ್ ಪಟ್ಟಿ ಕಟ್ಟಿ ಎಳೆದರು, ಸ್ಟಾಫ್ ರೂಮಿನಲ್ಲಿ ಗಂಟೆಗೊಮ್ಮೆ ಗದ್ದ ಹಿಂದಕ್ಕೆ ಎಳೆದುಕೊಂಡು ಐದು ಎಣಿಸಿದರು. ಎದುರು ಕೂತ ಡ್ರಾಯಿಂಗ್ ಮೇಷ್ಟ್ರು, ಇವರು ತಮ್ಮನ್ನು ನೋಡಿ ಅಸಹ್ಯಪಡುತ್ತಿದ್ದಾರೆಂದು ತಿಳಿದು ಕುರ್ಚಿ ಬದಲಾಯಿಸಿದರು. ಮೂರನೇ ವಾರ ಕೋನ ನಲವತ್ತು ಡಿಗ್ರಿಗೆ ಬಂತು. ಎಡಗಡೆ ಬೆಂಚಿನ ಸರಾಸರಿ ಐವತ್ತಕ್ಕೆ ಇಳಿಯಿತು. ಮೇಷ್ಟ್ರಿಗೆ ಸಂತೋಷ ಒಳಗೊಳಗೇ ಉಕ್ಕಿತು. ಆದರೆ ಸಿದ್ಧಾಂತ ಸಿದ್ಧಾಂತವೇ. ಮುಖ ಗಂಟು ಹಾಕಿಕೊಂಡೇ ಮಲಗಿದ್ದರು.

"ಇವತ್ತು ಎಷ್ಟು ಸರ್?"

"ಐದೂವರೆ."

"ಅರ್ಧ ಬರೆಯೋಕೆ ಜಾಗ ಇಲ್ಲ ಸರ್."

ಮೇಷ್ಟ್ರು ಒಂದು ಕ್ಷಣ ತಮ್ಮೊಳಗೇ ಹೋರಾಡಿದರು. "ಆರು ಅಂತಲೇ ಬರ್ಕೋ."

ಹುಡುಗಿಯ ಮುಖ ಬಾಡಿತು. "ಮೊದಲಿಗಿಂತ ಜಾಸ್ತಿನಾ ಸರ್?"

"ಜಾಸ್ತಿನೇ. ನಾನು ಸುಮ್ನೆ ಹೇಳೋನಲ್ಲ."

"ಯಾಕೆ ಸರ್ ಹೀಗಾಗ್ತಿದೆ?"

"ಯಾಕೆ ಅಂದ್ರೆ? ನೀನು ಮಾಡಿದ್ದರಿಂದಲೇ. ಹೀಗೇ ಮುಂದುವರಿಸು."

ಹುಡುಗಿ ಪರದೆಯ ಆಚೆ ಹೋಗಿ ಸ್ವಲ್ಪ ಹೊತ್ತು ಬರಲೇ ಇಲ್ಲ. ಬಂದಾಗ ಮೂಗು ಕೆಂಪಗಿತ್ತು. ಈಗಿನ ಮಕ್ಕಳಿಗೆ ಆರು ಕೊಟ್ಟರೂ ಸಾಲುವುದಿಲ್ಲವಲ್ಲ ಎಂದು ಮೇಷ್ಟ್ರು ಮರುಗಿದರು. ಮರುಗಿದವರು ಮುಂದಿನ ವಾರ ಏಳು ಕೊಟ್ಟರು. ಅವಳು ಇನ್ನೂ ಬಾಡಿದಳು. ಅದರ ಮುಂದಿನ ವಾರ, ಮೈ ಮೇಲೆ ದೇವರು ಬಂದವರ ಹಾಗೆ, ಎಂಟು ಎಂದುಬಿಟ್ಟರು. ಅವಳ ಕೈಯಿಂದ ಪೆನ್ನು ಕೆಳಗೆ ಬಿತ್ತು.

ಕ್ಲಿನಿಕ್ಕಿನ ಹಿರಿಯ ಡಾಕ್ಟರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಅವರ ಅನುಭವದಲ್ಲಿ ಕತ್ತು ಹೆಚ್ಚು ತಿರುಗಿದಷ್ಟೂ ನೋವು ಕಡಿಮೆಯಾಗಬೇಕು. ಇಲ್ಲಿ ಎರಡೂ ಜೊತೆಜೊತೆಯಾಗಿ ಮೇಲೆ ಹತ್ತುತ್ತಿದ್ದವು. "ಜೋರಾಗಿ ಹಿಡಿದು ತಿರುಚ್ತಿದೀಯಾ?" ಎಂದು ಹುಡುಗಿಯನ್ನು ಕೇಳಿದರು. ಅವಳು ಇಲ್ಲವೆಂದು ಆಣೆಯಿಟ್ಟಳು. ಡಾಕ್ಟರು ಸ್ವತಃ ಮೇಷ್ಟ್ರ ಮಂಚದ ಹತ್ತಿರ ಬಂದು, "ಹೇಗಿದೆ ಮೇಷ್ಟ್ರೇ?" ಎಂದು ವಿಚಾರಿಸಿದರು.

"ನಾನು ಬಾಯಲ್ಲಿ ಹೇಳೋದೇನಿದೆ ಡಾಕ್ಟ್ರೇ? ಎಲ್ಲ ಹಾಳೇಲಿ ಬರೆಸಿದೀನಲ್ಲ."

ಎಂಥ ಸಹನೆ ಈ ಮನುಷ್ಯನದು ಎಂದುಕೊಂಡ ಡಾಕ್ಟರು ಮರುದಿನ ಬೆಳಗ್ಗೆಯೇ ಮೇಷ್ಟ್ರ ಮನೆಗೆ ಫೋನ್ ಮಾಡಿದರು.

ಫೋನ್ ಎತ್ತಿದ್ದು ಮೇಷ್ಟ್ರ ಹೆಂಡತಿ. ನಿಮ್ಮ ಯಜಮಾನರ ನೋವು ನಾಲ್ಕರಿಂದ ಎಂಟಕ್ಕೆ ಏರಿದೆ, ಭಾರ ಎತ್ತಲು ಬಿಡಬೇಡಿ ಎಂಬ ಮಾತು ಕಿವಿಗೆ ಬಿದ್ದಾಗ ಆಕೆಯ ಕಣ್ಣೆದುರಿಗೆ ಯಜಮಾನರು ಸ್ಟೂಲಿನ ಮೇಲೆ ನಿಂತು ಅಟ್ಟದಿಂದ ಕಬ್ಬಿಣದ ಟ್ರಂಕನ್ನು ಇಳಿಸುತ್ತಿದ್ದರು. ಇಳಿಸುತ್ತಾ ಯಾವುದೋ ರಾಗ ಗುನುಗುತ್ತಿದ್ದರು. ನೋವನ್ನು ನಮ್ಮಿಂದ ಮುಚ್ಚಿಡಲು ಹಾಡುತ್ತಿದ್ದಾರೆ ಎಂದುಕೊಂಡರು ಆಕೆ. ಕೂಡಲೇ ತಮ್ಮನನ್ನು ಕರೆಸಿದರು.

ಈ ತಮ್ಮ ಹಿಂದೊಮ್ಮೆ ಔಷಧಿ ಅಂಗಡಿಯಲ್ಲಿ ಆರು ತಿಂಗಳು ಬಿಲ್ಲು ಬರೆದಿದ್ದ. ಅಂದಿನಿಂದ ನೆಂಟರಿಷ್ಟರ ಪಾಲಿಗೆ ಅರ್ಧ ಡಾಕ್ಟರು, ತನ್ನ ಪಾಲಿಗೆ ಪೂರ್ತಿ.

"ಅಕ್ಕಾ, ಗಾಬರಿ ಆಗ್ಬೇಡ. ಆದ್ರೆ ವಿಷಯ ಸಣ್ಣದಲ್ಲ," ಎಂದ ಅವನು, ಎರಡನ್ನೂ ಒಂದೇ ಉಸಿರಿನಲ್ಲಿ. "ಕೆಲವರಿಗೆ ನೋವು ಮಿತಿ ಮೀರಿದಾಗ ಹಾಡೋಕೆ ಶುರು ಮಾಡ್ತಾರೆ. ಬಾವನಿಗೆ ಆ ಹಂತ ಬಂದಿದೆ. ನೋವಿನ ಮಾತು ಅವರ ಮುಂದೆ ಯಾರೂ ಎತ್ತಬಾರದು. ಎತ್ತಿದ್ರೆ ನೋವಿಗೆ ಗೊತ್ತಾಗಿಬಿಡುತ್ತೆ."

ಹೀಗಾಗಿ ಯಾರೂ ಮೇಷ್ಟ್ರ ಮುಂದೆ ಬಾಯಿ ಬಿಡಲಿಲ್ಲ. ಬೆನ್ನ ಹಿಂದೆ ಮಾತ್ರ ಇಡೀ ಬೀದಿಗೆ ಸುದ್ದಿಯಾಯಿತು. ನಲ್ಲಿಯ ನೀರು ಹಿಡಿಯಲು ಅವರು ಬಕೆಟ್ಟಿಗೆ ಕೈ ಹಾಕಿದರೆ ಮೂರು ಮನೆಯವರು ಓಡಿ ಬಂದು ಕಿತ್ತುಕೊಳ್ಳುತ್ತಿದ್ದರು. ಮೇಷ್ಟ್ರು ಇದನ್ನೆಲ್ಲ ವಿದ್ಯೆಗೆ ಸಿಗಬೇಕಾದ, ತಡವಾಗಿ ಸಿಕ್ಕಿದ ಮರ್ಯಾದೆ ಎಂದು ಒಪ್ಪಿಕೊಂಡರು. ಒಂದು ಬೆಳಗ್ಗೆ ಕೆಳಮನೆಯ ಟೈಲರು ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಒಂಬತ್ತನೇ ತರಗತಿಯಲ್ಲಿ ಮೇಷ್ಟ್ರಿಂದಲೇ ಫೇಲಾದವನು.

"ಅಮ್ಮಾ, ತಪ್ಪು ನಂದೇ," ಎಂದ ತಗ್ಗಿದ ದನಿಯಲ್ಲಿ. "ರಿಸಲ್ಟ್ ಬಂದ ದಿನ ಈ ಮನುಷ್ಯನ ಕತ್ತು ಸೆಟೆದುಹೋಗ ಅಂತ ಬೈದಿದ್ದೆ. ಹತ್ತೊಂಬತ್ತು ವರ್ಷ ಆಯ್ತು. ಇಷ್ಟು ತಡವಾಗಿ ತಗಲುತ್ತೆ ಅಂತ ಅಂದ್ಕೊಂಡಿರ್ಲಿಲ್ಲ."

"ಅಯ್ಯೋ ಬಿಡಪ್ಪ, ಎಷ್ಟು ಮಕ್ಕಳು ಬೈದಿದ್ದಾರೋ," ಎಂದು ಮೇಷ್ಟ್ರ ಹೆಂಡತಿ ಸಮಾಧಾನ ಹೇಳಿದರು. "ಎಲ್ಲರ ಬೈಗುಳವೂ ತಗುಲಿದ್ರೆ ಕತ್ತೇ ಉಳೀತಿರ್ಲಿಲ್ಲ."

ಆದರೂ ಅವನು ಬೈಗುಳವನ್ನು ಬಾಯಿಬಿಟ್ಟು ವಾಪಸ್ ತೆಗೆದುಕೊಂಡು, ಆಕೆಯನ್ನೇ ಸಾಕ್ಷಿ ಮಾಡಿ ಹೋದ.

ಅದೇ ವಾರ ಕ್ಲಿನಿಕ್ಕಿನಲ್ಲಿ ಹುಡುಗಿ ಬಿಸಿ ಚೀಲ ತೆಗೆಯುತ್ತಾ ಮೆಲ್ಲಗೆ ಹೇಳಿದಳು, "ಸರ್, ನಾಡಿದ್ದು ನನ್ನ ಕೊನೇ ಪರೀಕ್ಷೆ. ಹೊರಗಿಂದ ಪರೀಕ್ಷಕರು ಬರ್ತಾರೆ. ನೀವೇ ನನ್ನ ಕೇಸು. ನೀವು ಹೇಳೋ ನಂಬರ್ ಮೇಲೆ ನನ್ನ ಪಾಸು ಫೇಲು ನಿಂತಿದೆ. ಫೇಲಾದ್ರೆ ಇನ್ನೂ ಆರು ತಿಂಗಳು ಮಾಡ್ಬೇಕು. ಇನ್ನಾರು ತಿಂಗಳು ಓದಿಸೋಕೆ ಮನೇಲಿ ಆಗಲ್ಲ, ನಿಲ್ಲಿಸಿಬಿಡ್ತಾರೆ." ಸ್ವಲ್ಪ ತಡೆದು, "ಸುಳ್ಳು ಹೇಳಿ ಅಂತ ನಾನು ಕೇಳ್ತಿಲ್ಲ ಸರ್," ಎಂದಳು.

"ಪರೀಕ್ಷೆಗೆ ಮುಂಚೆ ಅಂಕದ ಮಾತು ಆಡಬಾರದು," ಎಂದು ಮೇಷ್ಟ್ರು ಗದರಿದರು. ಗದರಿದರೂ ಮಾತು ಎದೆಯಲ್ಲಿ ಕೂತಿತು.

ಪರೀಕ್ಷೆಯ ದಿನ ಬೆಳಗ್ಗೆ ಕನ್ನಡಿಯ ಮುಂದೆ ಗಡ್ಡ ಕೆರೆಯುತ್ತಾ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರು. ಸಲೀಸಾಗಿ ತಿರುಗಿತು. ನೋವಿನ ಸುಳಿವೇ ಇಲ್ಲ. ಎಷ್ಟೋ ವರ್ಷದಿಂದ ಉಳಿದುಹೋಗುತ್ತಿದ್ದ ದವಡೆಯ ಹಿಂದಿನ ನಾಲ್ಕು ಕೂದಲು ಅಂದು ಮೊದಲ ಸಲ ಬ್ಲೇಡಿಗೆ ಸಿಕ್ಕವು. ಈ ಹುಡುಗಿ ಓದು ನಿಲ್ಲಿಸುವುದೆಂದರೇನು ಎಂದು ಅವರಿಗೆ ಸಿಟ್ಟು ಬಂತು. ಮುಖದ ನೊರೆ ಒರೆಸಿಕೊಳ್ಳುವ ಮೊದಲೇ ಅವರು ನಿರ್ಧರಿಸಿಬಿಟ್ಟರು. ಜೀವಮಾನದಲ್ಲಿ ಯಾರಿಗೂ ಕೊಡದಿದ್ದನ್ನು ಇವಳಿಗೆ ಕೊಡುವುದು. ಹತ್ತಕ್ಕೆ ಹತ್ತು. ಮದುವೆಯ ಕೋಟನ್ನು ಟ್ರಂಕಿನಿಂದ ತೆಗೆಸಿ ಹಾಕಿಕೊಂಡರು. ನೋವಿನಲ್ಲಿ ಕೋಟು ಬೇರೆ ಕೇಳುತ್ತಿದ್ದಾರೆ ಎಂದು ಹೆದರಿದ ಹೆಂಡತಿ ತಮ್ಮನನ್ನೂ ಕರೆದುಕೊಂಡು ಬೆನ್ನಿಗೇ ಹೊರಟರು.

ಪರೀಕ್ಷಕಿ ವಯಸ್ಸಾದ ಹೆಂಗಸು, ಹೆಚ್ಚು ಮಾತಿನವರಲ್ಲ. ಹಾಳೆಯಲ್ಲಿದ್ದ ನಾಲ್ಕು, ಆರು, ಏಳು, ಎಂಟನ್ನು ಓದುತ್ತಾ ಹೋದ ಹಾಗೆ ಅವರ ಹುಬ್ಬು ಮೇಲೇರಿತು. ಹಿರಿಯ ಡಾಕ್ಟರು ನೆಲ ನೋಡುತ್ತಿದ್ದರು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಹೆಂಡತಿ ಮತ್ತು ಬಾವಮೈದ ಪರದೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದರು.

"ಮೇಷ್ಟ್ರೇ, ಇವತ್ತು ಹತ್ತಕ್ಕೆ ಎಷ್ಟು?" ಎಂದು ಪರೀಕ್ಷಕಿ ಕೇಳಿದರು.

ಮೇಷ್ಟ್ರು ಮಂಚದಿಂದ ಇಳಿದರು. ಕೋಟಿನ ಗುಂಡಿ ಹಾಕಿಕೊಂಡರು. ಗಂಟಲು ಸರಿಮಾಡಿಕೊಂಡು, ಇಡೀ ಕ್ಲಿನಿಕ್ಕಿಗೆ ಕೇಳುವ ಹಾಗೆ ಹೇಳಿದರು, "ಹತ್ತು."

ಹುಡುಗಿ ಕುರ್ಚಿಯಲ್ಲಿ ಕುಸಿದು ಬಿಕ್ಕಿಬಿಕ್ಕಿ ಅಳತೊಡಗಿದಳು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನಾನು ಆವತ್ತೇ ಹೇಳಿದ್ದೆ," ಎಂದ ಬಾವಮೈದ. ಒಂದು ಪೂರ್ಣಾಂಕಕ್ಕೆ ಇಷ್ಟು ಜನ ಆನಂದಬಾಷ್ಪ ಸುರಿಸುವುದನ್ನು ನೋಡಿ ಮೇಷ್ಟ್ರ ಕಣ್ಣೂ ತೇವವಾಯಿತು. ಇಷ್ಟು ಸುಲಭದ ಕೆಲಸವನ್ನು ಮೂವತ್ತೊಂದು ವರ್ಷ ಯಾಕೆ ಮಾಡಲಿಲ್ಲವೋ ಎಂದುಕೊಂಡರು.

ಪರೀಕ್ಷಕಿ ಮಾತ್ರ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಹತ್ತು ಅಂದ್ರೆ ನಿಲ್ಲೋಕೂ ಆಗಬಾರದಲ್ಲ. ಎಲ್ಲಿ, ಎಡಕ್ಕೆ ತಿರುಗಿ."

ಮೇಷ್ಟ್ರು ಹೆಮ್ಮೆಯಿಂದ ತಿರುಗಿದರು. ಇಪ್ಪತ್ತೆರಡು ದಾಟಿತು, ನಲವತ್ತು ದಾಟಿತು, ಅರವತ್ತೈದರ ಹತ್ತಿರ ಬೋರ್ಡು ಎದುರಾಯಿತು. ಹತ್ತರ ಮುಖ ಅವರನ್ನೇ ನೋಡಿ ಗೋಳೋ ಎಂದು ಅಳುತ್ತಿತ್ತು. ಮೇಷ್ಟ್ರು ಮೇಲಿನ ದಪ್ಪ ಅಕ್ಷರಗಳನ್ನು ಓದಿದರು. ಇನ್ನೊಮ್ಮೆ ಓದಿದರು. ಪ್ರಶ್ನೆಯನ್ನು ಓದದೆ ಉತ್ತರ ಬರೆದ ಎಷ್ಟೋ ಹುಡುಗರನ್ನು ಅವರು ಬೆಂಚಿನ ಮೇಲೆ ನಿಲ್ಲಿಸಿದ್ದರು. ಈಗ ತಾವು ಹತ್ತಿ ನಿಲ್ಲಲು ಹತ್ತಿರದಲ್ಲಿ ಬೆಂಚು ಇದ್ದರೂ ಅದರ ಮೇಲೆ ಹೆಂಡತಿ ಕೂತಿದ್ದರು.

"ಇದು ನೋವಿಗಾ?" ಎಂದರು ಕ್ಷೀಣವಾಗಿ. "ನಾನು ಈ ಮಗುವಿಗೆ ಅಂತ ಕೊಡ್ತಾ ಬಂದೆ."

ಹುಡುಗಿ ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ ಕನ್ನಡಕ ಒರೆಸಿಕೊಂಡಳು.

"ಎಲ್ಲಾನೂ ಹತ್ತರಿಂದ ಕಳೆದುಬಿಡಿ," ಎಂದು ಮೇಷ್ಟ್ರು ಅವಸರಪಟ್ಟರು. "ಲೆಕ್ಕ ಸರಿಹೋಗುತ್ತೆ."

"ಬರೆದದ್ದನ್ನ ತಿದ್ದೋ ಹಾಗಿಲ್ಲ ಮೇಷ್ಟ್ರೇ, ನಿಯಮ," ಎಂದರು ಹಿರಿಯ ಡಾಕ್ಟರು.

"ಹಾಗಾದ್ರೆ ಮರುಮೌಲ್ಯಮಾಪನಕ್ಕೆ ಅರ್ಜಿ ಕೊಡ್ತೀನಿ." ಇಂಥ ಇನ್ನೂರಕ್ಕೂ ಹೆಚ್ಚು ಅರ್ಜಿಗಳನ್ನು ತಮ್ಮ ಕೈಯಾರೆ ತಿರಸ್ಕರಿಸಿದ್ದ ಮನುಷ್ಯ ಆಗಲೇ ಕೋಟಿನ ಜೇಬಿನಲ್ಲಿ ಪೆನ್ನು ಹುಡುಕುತ್ತಿದ್ದರು. "ತಪ್ಪು ಮೌಲ್ಯಮಾಪಕರದ್ದು ಅಂತ ನಾನೇ ಸಹಿ ಹಾಕ್ತೀನಿ. ಹುಡುಗಿ ತಪ್ಪು ಏನೂ ಇಲ್ಲ."

ಪರೀಕ್ಷಕಿ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟರು. "ಅಂಕ ಸಾಕು. ನಿಮ್ಮ ಅಂಕದ ಮೇಲೆ ನನಗೆ ನಂಬಿಕೆ ಹೊರಟುಹೋಗಿದೆ. ಬಾಯಲ್ಲಿ ಹೇಳಿ. ಈ ಹುಡುಗಿ ನಿಮಗೆ ಏನು ಮಾಡಿದ್ಲು? ಅದನ್ನ ಕೇಳಿ ನಾನು ತೀರ್ಮಾನ ಮಾಡ್ತೀನಿ."

ಮೇಷ್ಟ್ರಿಗೆ ಬಾಯಲ್ಲಿ ಹೇಳಿ ಅಭ್ಯಾಸವಿಲ್ಲ. ಚೆನ್ನಾಗಿ ಎಂದು ಶುರುಮಾಡಿದರು, ಅಲ್ಲಿಗೇ ನಿಂತರು. ತೃಪ್ತಿಕರ ಎಂದರು. ಅದೂ ಪ್ರಗತಿಪತ್ರದ ಮಾತಾಯಿತು. ಹುಡುಗಿ ಅವರ ಬಾಯನ್ನೇ ನೋಡುತ್ತಿದ್ದಳು. ಕೊನೆಗೆ ಅವರು ಯಾರ ಮುಖವನ್ನೂ ನೋಡದೆ ಹೇಳತೊಡಗಿದರು.

"ನಾನು ಊಟಕ್ಕೆ ಕೂತಾಗ ನನ್ನ ಹೆಂಡತಿ ಎಡಗಡೆ ಕೂರ್ತಾಳೆ. ಏನಾದ್ರೂ ಹೇಳ್ತಿರ್ತಾಳೆ. ನಾಲ್ಕು ವರ್ಷದಿಂದ ನಾನು ಗೋಡೆ ನೋಡ್ಕೊಂಡೇ ಹೂಂ ಅಂತಿದ್ದೆ. ತಿರುಗೋಕಾಗ್ತಿರ್ಲಿಲ್ಲ. ಹೋದ ತಿಂಗಳು ಒಂದಿನ ಅವಳೇನೋ ಹೇಳಿದ್ಲು, ನಾನು ತಿರುಗಿಬಿಟ್ಟೆ. ಕಿವಿ ಹತ್ರ ಕೂದಲು ಪೂರ್ತಿ ಬೆಳ್ಳಗಾಗಿದೆ. ನನಗೆ ಗೊತ್ತೇ ಇರ್ಲಿಲ್ಲ. ಒಂದೇ ಮನೇಲಿ ಇದ್ದೂ ಗೊತ್ತಿರ್ಲಿಲ್ಲ. ಈ ಮಗು ಅದನ್ನ ನನಗೆ ತೋರಿಸಿಕೊಟ್ಟಿತು. ಇದಕ್ಕಿಂತ ಹೆಚ್ಚು ಹೇಳೋಕೆ ನನಗೆ ಬರಲ್ಲ."

ಪರೀಕ್ಷಕಿ ಹಾಳೆಯನ್ನು ಮತ್ತೆ ಬಿಡಿಸಿ, ಅಂಕಗಳ ಸಾಲಿನ ಕೆಳಗೆ ಎರಡು ಸಾಲು ಬರೆದು ಸಹಿ ಹಾಕಿದರು. "ಪಾಸು," ಎಂದರು ಹುಡುಗಿಗೆ. "ಆದ್ರೆ ನಾಳೆ ಬೆಳಗ್ಗೆ ಮೊದಲ ಕೆಲಸ, ಆ ಬೋರ್ಡು ಎದುರು ಗೋಡೆಗೆ ಹಾಕಿ." ಹುಡುಗಿ ಮತ್ತೆ ಅಳತೊಡಗಿದಳು. ಈ ಸಲ ಮೇಷ್ಟ್ರು ತಪ್ಪಾಗಿ ತಿಳಿಯಲಿಲ್ಲ.

ಮೂವರೂ ಕ್ಲಿನಿಕ್ಕಿನ ಮೆಟ್ಟಿಲು ಇಳಿದು ಬೀದಿಗೆ ಬಂದರು.

"ಹೋದ ತಿಂಗಳೇ ನೋಡಿದ್ರಂತೆ," ಎಂದರು ಹೆಂಡತಿ. "ಹೇಳೋಕೆ ಏನಾಗಿತ್ತು?"

ಮೇಷ್ಟ್ರು ಆಕೆಯ ಕಡೆ ತಿರುಗಿ ನೋಡಿದರು. ನಾಲ್ಕು ಹೆಜ್ಜೆ ಹೋಗಿ ಇನ್ನೊಮ್ಮೆ ನೋಡಿದರು. ಅಂಗಡಿ ಸಾಲು ದಾಟುವಷ್ಟರಲ್ಲಿ ಹತ್ತಾರು ಸಲ ನೋಡಿ, ಒಂದು ಸಲ ದೀಪದ ಕಂಬಕ್ಕೆ ಹೆಗಲು ತಗಲಿಸಿಕೊಂಡರು. ಹಿಂದೆ ಬರುತ್ತಿದ್ದ ಬಾವಮೈದ ಇದನ್ನೆಲ್ಲ ಎಣಿಸಿಕೊಂಡು, ದಾಪುಗಾಲು ಹಾಕಿ ಬಂದು ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದ.

"ಅಕ್ಕಾ, ಬಾವನ ಕತ್ತು ಈಗ ನಿನ್ನ ಕಡೆಗೇ ವಾಲ್ತಿದೆ. ತಡ ಮಾಡೋದು ಬೇಡ, ಇವತ್ತೇ ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ."

"ಸುಮ್ನೆ ಬಾರೋ," ಎಂದರು ಆಕೆ. "ಅದು ಹಾಗೇ ಇರ್ಲಿ."